ವಿಮಾನ ಬೀಳದ ಹಾಗೆ ಕಾಯೋದು ಯಾವುದು? - ಮಾವ ಕೇಳಿದ ಪ್ರಶ್ನೆ

ಹೋದ ಸಲ ಊರಿಗೆ ಹೋಗಿದ್ದಾಗ ಸೋದರಮಾವನ ಮನೆ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆ. ಮಾವ ಹುಣಸೂರು-ಪಿರಿಯಾಪಟ್ಟಣ ರಸ್ತೆ ಪಕ್ಕದ ಹಳ್ಳಿಯವರು, ಹೊಗೆಸೊಪ್ಪು ಬೆಳೆಯೋರು. ಎಪ್ಪತ್ತರ ಹತ್ತಿರ ಹತ್ತಿರ ವಯಸ್ಸು. ಧರ್ಮಸ್ಥಳ, ತಿರುಪತಿ, ಒಂದು ಸಲ ಕಾಶಿ.. ಇಷ್ಟನ್ನೂ ಬಸ್ಸು ರೈಲಿನಲ್ಲೇ ಮುಗಿಸಿದವರು. ಈಗ ಮಗಳ ಬಾಣಂತನಕ್ಕೆ ಅಂತ ಅತ್ತೆ ಮಾವ ಇಬ್ಬರೂ ಸಿಂಗಾಪುರಕ್ಕೆ ಹೊರಟಿದ್ದಾರೆ. ಪಾಸ್‌ಪೋರ್ಟ್ ಬಂದಾಯ್ತು, ಟಿಕೆಟ್ಟೂ ಆಯ್ತು. ಅತ್ತೆ ಚಟ್ನಿಪುಡಿ, ಅಂಟಿನುಂಡೆ ಅಂತ ಡಬ್ಬ ತುಂಬುತ್ತಿದ್ದರೆ ಮಾವ ಮಾತ್ರ ಸ್ವಲ್ಪ ಸಪ್ಪಗಿದ್ದರು.

"ಲೇ ಮಗ, ಒಂದ್ ಮಾತ್ ಕೇಳ್ತೀನಿ, ನಗಬ್ಯಾಡ. ಅಷ್ಟು ಭಾರದ್ದು ಮ್ಯಾಲೆ ಹೋಯ್ತದಲ್ಲ, ಅದು ಬೀಳದಂಗೆ ಕಾಯೋದು ಯಾವುದು?"

ನಾನು ಶುರು ಹಚ್ಚಿಕೊಂಡೆ. ರೆಕ್ಕೆ ಹೇಗಿರುತ್ತೆ, ಎರಡು ಎಂಜಿನ್‌ಗಳಲ್ಲಿ ಒಂದು ಕೆಟ್ಟರೂ ಇನ್ನೊಂದರಲ್ಲೇ ಹೇಗೆ ಬಂದು ಇಳಿಯಬಹುದು, ಇಬ್ಬರು ಪೈಲಟ್‌ಗಳು, ರೇಡಾರ್... ಮಾವ ತಲೆ ಆಡಿಸುತ್ತಾ ಕೇಳಿದರು. ಕೊನೆಗೆ ಒಂದೇ ಮಾತು. "ಇವೆಲ್ಲಾ ಆ ಮಂಗಳೂರಲ್ಲಿ ಬಿತ್ತಲ್ಲ, ಅದ್ರಲ್ಲೂ ಇದ್ವು ತಾನೆ?"

ನನ್ನ ಬಾಯಿ ಕಟ್ಟಿತು. ಹೌದಲ್ಲ, ಅದರಲ್ಲೂ ಎಲ್ಲವೂ ಇದ್ದವು. ಹಾಗಾದರೆ ಕಾಯೋದು ಯಾವುದು? ಬೆಂಗಳೂರಿಗೆ ವಾಪಸ್ ಬಂದ ಮೇಲೂ ಈ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ನನಗೆ ತೋಚಿದ ಉತ್ತರವನ್ನು ಇಲ್ಲಿ ಬರೆದಿದ್ದೇನೆ. ಸ್ವಲ್ಪ ಉದ್ದವಾಗಿದೆ, ತಾಳ್ಮೆಯಿಂದ ಓದಿ.

*

ಮೊದಲು ನಮ್ಮೂರಿನ ಒಂದು ಕಥೆ. ಹೊಗೆಸೊಪ್ಪಿನ ಬ್ಯಾರನ್ ನೋಡದವರಿಗೆ ಎರಡು ಮಾತು. ಹುಣಸೂರು, ಪಿರಿಯಾಪಟ್ಟಣ ಕಡೆ ಹೋದರೆ ಹೊಲದ ನಡುವೆ ಕಿಟಕಿಯೇ ಇಲ್ಲದ ಎತ್ತರದ ಮನೆಗಳು ಕಾಣುತ್ತವಲ್ಲ, ಅವೇ ಬ್ಯಾರನ್‌ಗಳು. ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟಿ ಒಳಗೆ ಸಾಲು ಸಾಲಾಗಿ ತೂಗುಹಾಕುತ್ತಾರೆ. ಹೊರಗಿನ ಒಲೆಗೆ ಸೌದೆ ಹಾಕಿದರೆ ಬಿಸಿ ಹೊಗೆ ಒಳಗಿನ ಕಬ್ಬಿಣದ ಕೊಳವೆಗಳಲ್ಲಿ ಹಾದುಹೋಗಿ ಎಲೆ ನಿಧಾನಕ್ಕೆ ಹದವಾಗುತ್ತದೆ. ಐದಾರು ದಿನ ಹಗಲೂ ರಾತ್ರಿ ಶಾಖ ನೋಡುತ್ತಾ ಕಾಯಬೇಕು. ಶಾಖ ಕಮ್ಮಿಯಾದರೆ ಸೊಪ್ಪು ಕೆಟ್ಟಿತು, ಜಾಸ್ತಿಯಾದರೂ ಕೆಟ್ಟಿತು. ಒಣಗಿದ ಎಲೆಯೊಂದು ಕಾದ ಕೊಳವೆ ಮೇಲೆ ಬಿದ್ದರೆ ಮುಗಿದೇ ಹೋಯಿತು.

ನಾನು ಸಣ್ಣವನಿದ್ದಾಗ ತಾತನ ಬ್ಯಾರನ್ ಹಾಗೇ ಸುಟ್ಟುಹೋಯಿತು. ಬೆಳಗಿನ ಜಾವ ನಾಲ್ಕು ಗಂಟೆ ಇರಬೇಕು. ಕಾವಲಿಗಿದ್ದ ಹುಡುಗ ನಿದ್ದೆ ಹೋಗಿದ್ದ. ಊರಿನವರೆಲ್ಲಾ ಅವನಿಗೆ ಹೊಡೆಯೋಕೆ ಹೋದರು. ತಾತ ತಡೆದು ಅವನನ್ನು ಜಗಲಿಯಲ್ಲಿ ಕೂರಿಸಿ, ನೀರು ಕೊಟ್ಟು, ಎರಡೇ ಪ್ರಶ್ನೆ ಕೇಳಿದರು. "ಎಷ್ಟು ರಾತ್ರಿಯಿಂದ ಎದ್ದಿದ್ದೀಯ?" "ಬೆಂಕಿ ಮೊದಲು ಎಲ್ಲಿ ಕಾಣ್ತು?" ಹುಡುಗ ಅಳುತ್ತಾ ಇದ್ದದ್ದು ಇದ್ದ ಹಾಗೆ ಹೇಳಿದ. ನಾಲ್ಕು ರಾತ್ರಿಯಿಂದ ಅವನೊಬ್ಬನೇ. ಜೊತೆಯವನು ಜ್ವರ ಅಂತ ಬಂದಿರಲಿಲ್ಲ, ಬದಲಿಗೆ ಯಾರನ್ನೂ ಕಳಿಸಿರಲಿಲ್ಲ. ಕೆಳಗಿನ ಸಾಲಿನ ಕಡ್ಡಿಯೊಂದು ಮುರಿದು ಎಲೆ ಕೊಳವೆ ಮೇಲೆ ಬಿದ್ದಿತ್ತು. ಮುಂದಿನ ವರ್ಷ ತಾತ ಕೊಳವೆಗಳ ಮೇಲೆ ತಂತಿ ಬಲೆ ಹಾಕಿಸಿದರು. ರಾತ್ರಿ ಕಾವಲಿಗೆ ಇಬ್ಬರು, ಪಾಳಿ ಮೇಲೆ. ಹಳೇ ಕಡ್ಡಿಗಳೆಲ್ಲಾ ಒಲೆಗೆ ಹೋದವು. ಆ ಹುಡುಗನೂ ಕೆಲಸದಲ್ಲೇ ಉಳಿದ.

"ಅವನನ್ನ ಹೊಡೆದಿದ್ರೆ ಅವನು ಸುಳ್ಳು ಹೇಳ್ತಿದ್ದ, ಆ ಕಡ್ಡಿ ವಿಷಯ ನನಗೆ ಗೊತ್ತೇ ಆಗ್ತಿರಲಿಲ್ಲ" ಅಂತ ತಾತ ಆಮೇಲೆ ಹೇಳುತ್ತಿದ್ದರು. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ವಿಮಾನದ ಕಥೆಯೂ ಇದೇ.

*

ಜೆಟ್ ಯುಗದ ಮೊದಲ ಪ್ರಯಾಣಿಕರ ವಿಮಾನ ಬ್ರಿಟನ್ನಿನ ಕಾಮೆಟ್. 1952ರಲ್ಲಿ ಸೇವೆಗೆ ಬಂತು. 1953ರ ಮೇ 2ರಂದು ಒಂದು ಕಾಮೆಟ್ ಕಲ್ಕತ್ತೆಯಿಂದ ಹಾರಿದ ಸ್ವಲ್ಪ ಹೊತ್ತಿಗೇ ಬಿರುಗಾಳಿ ಮಳೆಯಲ್ಲಿ ಮುರಿದುಬಿತ್ತು, 43 ಜನ ಸತ್ತರು. 1954ರ ಜನವರಿಯಲ್ಲಿ ಇಟಲಿಯ ಎಲ್ಬಾ ದ್ವೀಪದ ಬಳಿ ಇನ್ನೊಂದು, ಏಪ್ರಿಲ್‌ನಲ್ಲಿ ನೇಪಲ್ಸ್ ಹತ್ತಿರ ಮತ್ತೊಂದು ಸಮುದ್ರಕ್ಕೆ ಬಿದ್ದವು. ಆಗ ಎಂಜಿನಿಯರುಗಳು ಒಂದು ಇಡೀ ಕಾಮೆಟ್ಟಿನ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಹಾರಾಟದಲ್ಲಿ ಆಗುವಂತೆ ಒಳಗಿನ ಒತ್ತಡವನ್ನು ಏರಿಸಿ ಇಳಿಸಿ, ಮತ್ತೆ ಏರಿಸಿ ಇಳಿಸಿ ನೋಡಿದರು. ಕೊನೆಗೆ ಲೋಹ ದಣಿದು ಕಿಟಕಿಯ ಮೂಲೆಯಿಂದ ಬಿರುಕು ಬಿಟ್ಟಿತು. ಆ ಫಲಿತಾಂಶವನ್ನು ಮುಚ್ಚಿಡಲಿಲ್ಲ. ಪೈಪೋಟಿಯ ಕಂಪೆನಿಗಳೂ ಅದನ್ನು ಓದಿ ತಮ್ಮ ವಿಮಾನ ಸರಿಮಾಡಿಕೊಂಡವು. ಇವತ್ತು ನಾವು ಕೂರುವ ವಿಮಾನದ ಕಿಟಕಿಗಳ ಮೂಲೆ ಗುಂಡಗಿರುತ್ತದಲ್ಲ, ಅದರ ಹಿಂದೆ ಈ ಸಾವುಗಳಿವೆ.

ಅದೇ ಕಾಮೆಟ್ ತನಿಖೆಯ ಚರ್ಚೆಯಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಡೇವಿಡ್ ವಾರೆನ್ ಎಂಬ ವಿಜ್ಞಾನಿ ಕೂತಿದ್ದರು. ಎಲ್ಲರೂ ಊಹೆ ಮಾಡುತ್ತಿದ್ದಾರೆ, ಸತ್ತವರು ಕೊನೆಯಲ್ಲಿ ಏನು ಮಾತಾಡಿದರು ಅಂತ ಗೊತ್ತಾಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು ಅವರಿಗೆ. ಹಾಗೆ ಹುಟ್ಟಿದ್ದು ನಾವು 'ಬ್ಲ್ಯಾಕ್ ಬಾಕ್ಸ್' ಅನ್ನುವ ಪೆಟ್ಟಿಗೆ. ಹೆಸರು ಕಪ್ಪು ಪೆಟ್ಟಿಗೆ, ಬಣ್ಣ ಮಾತ್ರ ಕಿತ್ತಳೆ! ಅವಶೇಷದ ನಡುವೆ ಕಣ್ಣಿಗೆ ಬೀಳಲಿ ಅಂತ.

ಪೆಟ್ಟಿಗೆ ಇದ್ದರೆ ಸಾಲದು, ಅದನ್ನು ಯಾವ ಮನಸ್ಸಿನಿಂದ ಕೇಳಬೇಕು ಅನ್ನುವುದೂ ಮುಖ್ಯ. 1944ರಲ್ಲಿ ಶಿಕಾಗೋದಲ್ಲಿ ಹಲವು ದೇಶಗಳು ಸೇರಿ ನಾಗರಿಕ ವಿಮಾನಯಾನಕ್ಕೆ ಒಂದು ಒಪ್ಪಂದ ಮಾಡಿಕೊಂಡವು. ನಮ್ಮ ದೇಶವೂ ಅಲ್ಲಿತ್ತು. ಆ ಒಪ್ಪಂದಕ್ಕೆ 1951ರಲ್ಲಿ ಸೇರಿದ 13ನೇ ಅನುಬಂಧ ಅಪಘಾತ ತನಿಖೆಗೆ ಸಂಬಂಧಿಸಿದ್ದು. ಅದರ ಸಾರ ಇಷ್ಟೇ: ತನಿಖೆಯ ಉದ್ದೇಶ ಇನ್ನೊಂದು ಅಪಘಾತ ಆಗದ ಹಾಗೆ ನೋಡಿಕೊಳ್ಳುವುದು, ಯಾರ ಮೇಲಾದರೂ ತಪ್ಪು ಹೊರಿಸುವುದಲ್ಲ. ನಮ್ಮ ತಾತ ಈ ಅನುಬಂಧ ಓದಿರಲಿಲ್ಲ ಬಿಡಿ.

*

ಈಗ ನಮ್ಮ ರಾಜ್ಯಕ್ಕೆ ಬರೋಣ. 1990ರ ಫೆಬ್ರವರಿ 14. ಮುಂಬಯಿಯಿಂದ ಬೆಂಗಳೂರಿಗೆ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸ್‌ನ 605ನೇ ವಿಮಾನ. ಆಗ ದೇವನಹಳ್ಳಿ ನಿಲ್ದಾಣ ಇರಲಿಲ್ಲ, ಎಚ್ಎಎಲ್ ನಿಲ್ದಾಣವೇ ಎಲ್ಲಕ್ಕೂ. ವಿಮಾನ ಏರ್‌ಬಸ್ ಎ320, ಹೊಸದು, ದೇಶಕ್ಕೆ ಬಂದು ಕೆಲವೇ ವಾರಗಳಾಗಿದ್ದವು. ಮಧ್ಯಾಹ್ನ ಒಂದು ಗಂಟೆ, ಆಕಾಶ ತಿಳಿ, ರನ್‌ವೇ ಕಣ್ಣಿಗೆ ಕಾಣುತ್ತಿದೆ. ಆದರೂ ವಿಮಾನ ರನ್‌ವೇ ಮುಟ್ಟುವ ಮೊದಲೇ ಪಕ್ಕದ ಗಾಲ್ಫ್ ಮೈದಾನಕ್ಕೆ ಬಡಿದು, ಮೇಲೆದ್ದು, ದಿಬ್ಬಕ್ಕೆ ಗುದ್ದಿ ಹೊತ್ತಿಕೊಂಡಿತು. ಒಳಗಿದ್ದ 146 ಮಂದಿಯಲ್ಲಿ 92 ಮಂದಿ ತೀರಿಕೊಂಡರು. ಆ ಸಂಜೆ ರೇಡಿಯೋ ಸುತ್ತ ಊರಿನವರೆಲ್ಲಾ ಗುಂಪು ಕೂಡಿದ್ದು ನನಗೆ ಇನ್ನೂ ನೆನಪಿದೆ.

ಸುದ್ದಿಯ ಬೆನ್ನಿಗೇ ತೀರ್ಪುಗಳು ಬಂದವು. ಕಂಪ್ಯೂಟರ್ ವಿಮಾನವೇ ಸರಿಯಿಲ್ಲ ಅಂತ ಒಂದು ಕಡೆ. ಪೈಲಟ್‌ಗಳಿಗೇ ಬರುತ್ತಿರಲಿಲ್ಲ ಅಂತ ಇನ್ನೊಂದು ಕಡೆ. ಸರ್ಕಾರ ಉಳಿದ ಎ320ಗಳನ್ನೆಲ್ಲಾ ತಿಂಗಳುಗಟ್ಟಲೆ ನೆಲಕ್ಕೆ ಇಳಿಸಿತು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ನೇತೃತ್ವದಲ್ಲಿ ತನಿಖೆ ನಡೆಯಿತು.

ಪೆಟ್ಟಿಗೆ ಹೇಳಿದ್ದೇನು? ಇಳಿಯುವಾಗ ವಿಮಾನ ಇರಬೇಕಾದ ಕ್ರಮದಲ್ಲಿ ಇರಲಿಲ್ಲ. ಆ ಹೊತ್ತಿಗೆ ಎಂಜಿನ್ ತಾನೇ ವೇಗ ಕಾಯ್ದುಕೊಳ್ಳುವ ಕ್ರಮದಲ್ಲಿ ಇರಬೇಕಿತ್ತು. ಬದಲಿಗೆ ಎಂಜಿನ್ ಸುಮ್ಮನೆ ಉರಿಯುತ್ತಾ ವಿಮಾನ ಇಳಿಯುತ್ತಲೇ ಹೋಗುವ ಕ್ರಮದಲ್ಲಿತ್ತು. ಇಳಿಯಲು ಬೇಕಾದ ವೇಗ ಸುಮಾರು 132 ನಾಟ್. ವಿಮಾನದ ವೇಗ ಅದಕ್ಕಿಂತ ಬಹಳ ಕೆಳಕ್ಕೆ ಇಳಿದಿತ್ತು. ನಾನ್ನೂರು, ಮುನ್ನೂರು, ಇನ್ನೂರು ಅಡಿ ಅಂತ ಯಂತ್ರ ಕೂಗಿ ಹೇಳುತ್ತಿದ್ದರೂ ಎಂಜಿನ್‌ಗೆ ಶಕ್ತಿ ಕೊಡುವಷ್ಟರಲ್ಲಿ ತಡವಾಗಿತ್ತು. ಜೆಟ್ ಎಂಜಿನ್ ಸ್ಕೂಟರ್ ಇದ್ದ ಹಾಗಲ್ಲ, ತಿರುವಿದ ತಕ್ಷಣ ಎಳೆಯುವುದಿಲ್ಲ, ಪೂರ್ತಿ ಶಕ್ತಿ ಬರಲು ಕೆಲವು ಸೆಕೆಂಡು ಬೇಕು.

ಪೈಲಟ್‌ಗಳು ಪರಿಸ್ಥಿತಿಯ ಗಂಭೀರತೆ ತಿಳಿದು ತಕ್ಷಣ ಎಂಜಿನ್‌ಗೆ ಶಕ್ತಿ ಕೊಡಲಿಲ್ಲ ಅನ್ನುವುದೇ ತನಿಖೆ ಹೇಳಿದ ಕಾರಣ. 'ನೋಡಿ, ಪೈಲಟ್‌ಗಳ ತಪ್ಪೇ' ಅಂತ ಅಲ್ಲಿಗೆ ಫೈಲು ಮುಚ್ಚಬಹುದಿತ್ತು. ಆದರೆ ಪ್ರಪಂಚದ ವಿಮಾನಯಾನದವರು ಮುಂದಿನ ಪ್ರಶ್ನೆ ಕೇಳಿದರು. ಅನುಭವಸ್ಥ ಇಬ್ಬರಿಗೂ ಯಾಕೆ ಗೊತ್ತಾಗಲಿಲ್ಲ? ಹಳೇ ವಿಮಾನಗಳಲ್ಲಿ ಯಂತ್ರವೇ ಎಂಜಿನ್ ನಡೆಸುತ್ತಿದ್ದಾಗಲೂ ಮುಂದಿನ ಹಿಡಿಕೆಗಳು ತಾವೇ ಹಿಂದೆ ಮುಂದೆ ಸರಿಯುತ್ತಿದ್ದವು, ಪೈಲಟ್‌ನ ಕೈಗೆ, ಕಣ್ಣಿಗೆ ಅದು ತಿಳಿಯುತ್ತಿತ್ತು. ಎ320ಯಲ್ಲಿ ಹಿಡಿಕೆಗಳು ಕದಲುವುದಿಲ್ಲ. ಪರದೆಯ ಮೇಲಿನ ಸಣ್ಣ ಅಕ್ಷರಗಳನ್ನೇ ಓದಿ ತಿಳಿಯಬೇಕು. ಯಂತ್ರ ಏನು ಮಾಡುತ್ತಿದೆ ಅಂತ ಮನುಷ್ಯ ಅಂದುಕೊಂಡಿದ್ದಾನೋ ಅದಕ್ಕೂ, ಯಂತ್ರ ನಿಜಕ್ಕೂ ಮಾಡುತ್ತಿರುವುದಕ್ಕೂ ನಡುವೆ ಬಿರುಕು ಬಿಟ್ಟಿತ್ತು. ಇವತ್ತು ಪೈಲಟ್ ತರಬೇತಿಯಲ್ಲಿ 'ಯಾವ ಕ್ರಮದಲ್ಲಿದೆ ಅಂತ ಬಾಯಿಬಿಟ್ಟು ಹೇಳು, ವೇಗ ನೋಡು' ಅಂತ ಬಡಿದು ಬಡಿದು ಹೇಳುವುದರ ಹಿಂದೆ ಬೆಂಗಳೂರಿನ ಆ ಮಧ್ಯಾಹ್ನದಂತಹ ಘಟನೆಗಳಿವೆ. ಅದೇ ಎ320 ಮುಂದೆ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ವಿಮಾನಗಳಲ್ಲಿ ಒಂದಾಯಿತು. ನಮ್ಮ ಮಾವ ಕೂರುವುದೂ ಬಹುಶಃ ಅದರ ತಮ್ಮನಲ್ಲೇ.

ಇನ್ನೊಂದು ಉದಾಹರಣೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಸೌದಿಯ ಜಂಬೋ ಜೆಟ್ಟೂ ಕಜಕಿಸ್ತಾನದ ವಿಮಾನವೂ ಆಕಾಶದಲ್ಲೇ ಡಿಕ್ಕಿ ಹೊಡೆದವು. 349 ಜನ, ಒಬ್ಬರೂ ಉಳಿಯಲಿಲ್ಲ. ಕಜಕಿಸ್ತಾನದ ವಿಮಾನ 15,000 ಅಡಿಯಲ್ಲಿ ನಿಲ್ಲುವ ಬದಲು ಇನ್ನೂ ಕೆಳಗಿಳಿದಿತ್ತು. ನ್ಯಾಯಮೂರ್ತಿ ಆರ್.ಸಿ. ಲಾಹೋಟಿಯವರ ಆಯೋಗ ಅದನ್ನು ಹೇಳಿ ಸುಮ್ಮನಾಗಲಿಲ್ಲ. ದೆಹಲಿಯಲ್ಲಿ ಬರುವ, ಹೋಗುವ ವಿಮಾನಗಳಿಗೆ ಒಂದೇ ದಾರಿ ಇದ್ದದ್ದು, ವಿಮಾನದ ಎತ್ತರ ತೋರಿಸುವ ರೇಡಾರ್ ಇಲ್ಲದ್ದು ಎಲ್ಲವೂ ಹೊರಬಂತು. ಆಮೇಲೆ ದಾರಿ ಬೇರೆ ಬೇರೆಯಾಯಿತು. ಎರಡು ವಿಮಾನಗಳು ಹತ್ತಿರ ಬಂದರೆ ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಬ್ಬ ಪೈಲಟ್‌ಗೆ 'ಏರು', ಇನ್ನೊಬ್ಬನಿಗೆ 'ಇಳಿ' ಅನ್ನುವ ಉಪಕರಣ ನಮ್ಮ ದೇಶದಲ್ಲಿ ಕಡ್ಡಾಯವಾಯಿತು. ತಾತ ಹಾಕಿಸಿದ ತಂತಿ ಬಲೆ ಅಂದರೆ ಇದೇ ನೋಡಿ. ಕಾವಲಿನವನು ಎಚ್ಚರ ತಪ್ಪಿದರೂ ಎಲೆ ಕೊಳವೆಗೆ ತಾಗಬಾರದು.

*

ಇನ್ನು ಮಾವ ಕೇಳಿದ ಮಂಗಳೂರು.

ಬಜ್ಪೆ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ರಂದು, ನೆಹರೂ ಅಲ್ಲಿಗೆ ಬಂದು ಇಳಿದಾಗ. ಗುಡ್ಡದ ನೆತ್ತಿ ಸಮ ಮಾಡಿ ಕಟ್ಟಿದ್ದು, ಮೇಜಿನ ಹಾಗೆ. ಅಂಚು ದಾಟಿದರೆ ಕಮರಿ. 1981ರ ಆಗಸ್ಟ್ 19ರಂದೇ ಒಂದು ಆವ್ರೋ ವಿಮಾನ ಮಳೆಯಲ್ಲಿ ರನ್‌ವೇ ದಾಟಿ ಹೋಗಿ ಅಂಚಿನಲ್ಲಿ ನಿಂತಿತ್ತು. ಅದರಲ್ಲಿ ಆಗ ರಾಜ್ಯದ ಮಂತ್ರಿಯಾಗಿದ್ದ ವೀರಪ್ಪ ಮೊಯ್ಲಿಯವರೂ ಇದ್ದರು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. 2006ರಲ್ಲಿ 2450 ಮೀಟರ್ ಉದ್ದದ ಹೊಸ ರನ್‌ವೇ ಬಂತು. ಅದೂ ಮೇಜೇ.

2010ರ ಮೇ 15ರಂದು ನಮ್ಮ ಮೈಸೂರಿನ ಮಂಡಕಳ್ಳಿಯಲ್ಲಿ ಹೊಸ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಅದೇ ಖುಷಿಯಲ್ಲಿದ್ದೆವು. ಸರಿಯಾಗಿ ಒಂದು ವಾರಕ್ಕೆ, ಮೇ 22ರ ಬೆಳಿಗ್ಗೆ ಆರು ಗಂಟೆ ದಾಟುತ್ತಿದ್ದಂತೆ, ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 812ನೇ ವಿಮಾನ ಬಜ್ಪೆ ರನ್‌ವೇ ದಾಟಿ ಕಮರಿಗೆ ಬಿತ್ತು. 166 ಮಂದಿಯಲ್ಲಿ 158 ಮಂದಿ ಹೋದರು. ಉಳಿದವರು ಎಂಟೇ ಜನ. ಮಂಗಳೂರು, ಉಡುಪಿ, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಆ ದಿನ ಮದುವೆಗೋ, ಸಾವಿಗೋ, ರಜೆಗೋ ಬರುವವರಿಗಾಗಿ ಕಾಯುತ್ತಿದ್ದರು. ಗುರುತೇ ಸಿಗದ ದೇಹಗಳನ್ನು ತಣ್ಣೀರುಬಾವಿ ಹತ್ತಿರ ಒಟ್ಟಿಗೆ ಮಣ್ಣು ಮಾಡಿದರು.

ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆಯವರ ನೇತೃತ್ವದ ತನಿಖೆಯ ವರದಿ ಓದಿದರೆ ಎದೆ ಭಾರವಾಗುತ್ತದೆ. ಧ್ವನಿಮುದ್ರಣ ಇದ್ದದ್ದು ಕೊನೆಯ ಎರಡು ಗಂಟೆ ಐದು ನಿಮಿಷದ್ದು. ಅದರಲ್ಲಿ ಸುಮಾರು ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಗೊರಕೆ ಕೇಳಿಸುತ್ತದೆ. ಎದ್ದಾಗ ವಿಮಾನ ಇರಬೇಕಾದದ್ದಕ್ಕಿಂತ ತೀರಾ ಎತ್ತರದಲ್ಲಿತ್ತು. ಕಡಿದಾಗಿ ಇಳಿಸಿದರು. ಯಂತ್ರ ಎಚ್ಚರಿಸಿತು. ಸಹ ಪೈಲಟ್ 'ಇಳಿಯುವುದು ಬೇಡ, ಮತ್ತೆ ಮೇಲೇರೋಣ' ಅಂತ ಒಂದಲ್ಲ, ಎರಡಲ್ಲ, ಮೂರು ಸಲ ಹೇಳಿದರು. ಆದರೂ ಇಳಿಸಿದರು. ಚಕ್ರ ನೆಲ ಮುಟ್ಟಿದ್ದು ರನ್‌ವೇಯ ಮೊದಲಿನಿಂದ ಸುಮಾರು 5200 ಅಡಿ ಮುಂದೆ, ಉಳಿದದ್ದು 2800 ಅಡಿ. ಆಗಲೂ ಬಲವಾಗಿ ಬ್ರೇಕ್ ಹಾಕಿದ್ದರೆ ನಿಲ್ಲುತ್ತಿತ್ತು ಅಂತ ಲೆಕ್ಕ ಹೇಳುತ್ತದೆ. ಆದರೆ ನಿಲ್ಲಿಸಲು ಹೊರಟವರು ಮನಸ್ಸು ಬದಲಿಸಿ ಮತ್ತೆ ಹಾರಲು ನೋಡಿದರು.

ಇಲ್ಲಿಗೆ 'ನಿದ್ದೆ ಮಾಡಿದವನ ತಪ್ಪು' ಅಂತ ಮುಗಿಸಬಹುದು. ಊರಿನವರು ಹುಡುಗನನ್ನು ಹೊಡೆಯಲು ಹೋದ ಹಾಗೆ. ವರದಿ ಕ್ಯಾಪ್ಟನ್ ತಪ್ಪನ್ನು ಮುಚ್ಚಿಡಲಿಲ್ಲ, ನೇರ ಕಾರಣ ಅದೇ ಅಂತ ಬರೆಯಿತು. ಆದರೆ ಜೊತೆಗೆ ಇನ್ನೂ ಮೂರು ವಿಷಯ ಬರೆಯಿತು. ಒಂದು, ಬೆಳಗಿನ ಜಾವದ ಆ ಹೊತ್ತಿನಲ್ಲಿ ಮನುಷ್ಯನ ದೇಹ ತೀರಾ ಮಂಕಾಗಿರುತ್ತದೆ, ಗಾಢ ನಿದ್ದೆಯಿಂದ ಎದ್ದವನ ತಲೆ ಕೂಡಲೇ ಓಡುವುದಿಲ್ಲ. ಎರಡು, ಮಂಗಳೂರಿನ ರೇಡಾರ್ ಮೇ 20ರಿಂದಲೇ ಕೆಲಸ ಮಾಡುತ್ತಿರಲಿಲ್ಲ, ಹಾಗಾಗಿ ಇಳಿಯಲು ಅನುಮತಿ ಸಿಕ್ಕಿದ್ದು ನಿಲ್ದಾಣಕ್ಕೆ ಹತ್ತಿರವಾದ ಮೇಲೆ. ಮೂರು, ಕ್ಯಾಪ್ಟನ್ ಕೇಳದಿದ್ದರೆ ಸಹ ಪೈಲಟ್ ತಾನೇ ವಿಮಾನವನ್ನು ಮೇಲೇರಿಸಬಹುದೇ ಅನ್ನುವ ಬಗ್ಗೆ ನಿಯಮಗಳಲ್ಲೇ ಅಸ್ಪಷ್ಟತೆ ಇತ್ತು.

ಈ ಮೂರನೆಯದು ನಮಗೆಲ್ಲ ಗೊತ್ತಿರುವ ಕಾಯಿಲೆ. ದೊಡ್ಡವರ ಮಾತಿಗೆ ಎದುರಾಡಬಾರದು! 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೋ ಜೆಟ್‌ಗಳು ರನ್‌ವೇ ಮೇಲೇ ಡಿಕ್ಕಿಯಾಗಿ 583 ಜನ ಸತ್ತಾಗಲೂ ಇದೇ ಆಗಿತ್ತು. ಎದುರಿನ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇನೋ ಅಂತ ಕಿರಿಯರೊಬ್ಬರು ಕೇಳಿದ್ದರು, ಹಿರಿಯ ಕ್ಯಾಪ್ಟನ್ ಬಿಟ್ಟಿದೆ ಅಂದುಬಿಟ್ಟರು. ಅದರ ನಂತರವೇ ಕಿರಿಯ ಮಾತಾಡಬೇಕು, ಹಿರಿಯ ಕೇಳಬೇಕು ಅನ್ನುವುದನ್ನೇ ಒಂದು ಪಾಠವಾಗಿ ಪೈಲಟ್‌ಗಳಿಗೆ ಕಲಿಸಲು ಶುರುಮಾಡಿದ್ದು.

ಮಂಗಳೂರು ಆದ ಮೇಲೆ, 2012ರಲ್ಲಿ, ನಮ್ಮ ದೇಶದಲ್ಲಿ ವಿಮಾನ ಅಪಘಾತಗಳ ತನಿಖೆಗೆಂದೇ ಪ್ರತ್ಯೇಕ ಸಂಸ್ಥೆ, ಎಎಐಬಿ, ಬಂತು. ಅದಕ್ಕೆ ಮುಂಚೆ ನಿಯಮ ಮಾಡುವ ಡಿಜಿಸಿಎ ಕೈಯಲ್ಲೇ ತನಿಖೆಯ ಕೆಲಸವೂ ಇತ್ತು. ಪರೀಕ್ಷೆ ಬರೆದವನೇ ಪೇಪರ್ ತಿದ್ದಿದ ಹಾಗೆ.

*

ಎಲ್ಲಾ ಸರಿಹೋಯಿತು, ಸುಖಾಂತ್ಯ ಅಂತ ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹಾಗಾಗಲಿಲ್ಲ.

ನಮ್ಮ ಎಚ್.ಡಿ. ಕೋಟೆಯಿಂದ ಬಾವಲಿ ದಾಟಿ ಮಾನಂದವಾಡಿ, ವಯನಾಡು ಘಾಟಿ ಇಳಿದರೆ ಕೋಳಿಕ್ಕೋಡು. ಅಲ್ಲಿಯ ಕರಿಪ್ಪೂರು ನಿಲ್ದಾಣವೂ ಗುಡ್ಡದ ಮೇಲಿನ ಮೇಜು. 2020ರ ಆಗಸ್ಟ್ 7ರ ರಾತ್ರಿ, ಕೊರೋನಾ ಕಾಲ. ದುಬೈನಿಂದ ಊರಿಗೆ ಮರಳುತ್ತಿದ್ದವರನ್ನು ಹೊತ್ತು ಅದೇ ಕಂಪೆನಿಯ, ಅದೇ ಮಾದರಿಯ ವಿಮಾನ ಮಳೆಯಲ್ಲಿ ಇಳಿಯಿತು. 8858 ಅಡಿಯ ರನ್‌ವೇಯಲ್ಲಿ ಚಕ್ರ ಮುಟ್ಟಿದ್ದು 4438 ಅಡಿ ದಾಟಿದ ಮೇಲೆ. ಸಹ ಪೈಲಟ್ ಮೇಲೇರೋಣ ಅಂದಿದ್ದರು. ವಿಮಾನ ಅಂಚು ದಾಟಿ ಬಿದ್ದು ಮುರಿಯಿತು. 190 ಮಂದಿಯಲ್ಲಿ 21 ಮಂದಿ, ಇಬ್ಬರು ಪೈಲಟ್‌ಗಳೂ ಸೇರಿ, ತೀರಿಕೊಂಡರು. ಎಎಐಬಿ ವರದಿಯಲ್ಲಿ ಹಿರಿಯ-ಕಿರಿಯರ ನಡುವಿನ ಅಂತರ, ಅಲ್ಲಿ ಕ್ಯಾಪ್ಟನ್‌ಗಳ ಕೊರತೆ, ಮಾರನೇ ದಿನದ ಡ್ಯೂಟಿಯ ಒತ್ತಡ ಎಲ್ಲವೂ ಇದೆ.

ಹತ್ತು ವರ್ಷದ ಹಿಂದೆ ಬರೆದಿಟ್ಟ ಪಾಠ ಮತ್ತೆ ಅಷ್ಟೇ ದುಬಾರಿಯಾಗಿ ಕಲಿಯಬೇಕಾಯಿತು. ಅಂದರೆ ವರದಿ ಬರೆಯುವುದು ಅರ್ಧ ಕೆಲಸ ಅಷ್ಟೇ. ಅದನ್ನು ಓದಿ, ದುಡ್ಡು ಖರ್ಚು ಮಾಡಿ, ಪಾಳಿಗೆ ಇನ್ನೊಬ್ಬನನ್ನು ಹಾಕುವುದು ಉಳಿದರ್ಧ. ಈ ಉಳಿದರ್ಧದಲ್ಲೇ ನಾವು ಸೋಲುವುದು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿ, ರಾತ್ರಿ ಇಳಿಯುವುದಕ್ಕೆ ಮಿತಿ ಹಾಕುವ ಹೊಸ ನಿಯಮ ಬಂದಾಗ ಏನಾಯಿತು? 2025ರ ಡಿಸೆಂಬರ್‌ನಲ್ಲಿ ಇಂಡಿಗೊ ಬಳಿ ಅದಕ್ಕೆ ಬೇಕಾದಷ್ಟು ಪೈಲಟ್‌ಗಳಿಲ್ಲದೆ ದಿನಕ್ಕೆ ನೂರಾರು ವಿಮಾನ ರದ್ದಾದವು. ಆಗ ಆ ಕಂಪೆನಿಗೆ ತಾತ್ಕಾಲಿಕ ವಿನಾಯಿತಿಯನ್ನೂ ಕೊಟ್ಟರು. ನಿಲ್ದಾಣದಲ್ಲಿ ಸಿಕ್ಕಿಬಿದ್ದ ನಾವೆಲ್ಲಾ ಬೈದೆವು, ನಾನೂ ಬೈದೆ. ಆದರೆ ಒಂದು ಕ್ಷಣ ಯೋಚಿಸಿ, ಆ ನಿಯಮದ ಹಿಂದೆ ಇರುವುದು ಬೆಳಗಿನ ಜಾವ ನಾಲ್ಕು ಗಂಟೆಯ ಬ್ಯಾರನ್ ಕಾವಲು.

2025ರ ಜೂನ್ 12ರ ಅಹಮದಾಬಾದ್ ದುರಂತ ನಿಮಗೆ ನೆನಪಿದ್ದೇ ಇರುತ್ತದೆ. ಏರ್ ಇಂಡಿಯಾದ ಡ್ರೀಮ್‌ಲೈನರ್ ಹಾರಿದ ಅರೆ ನಿಮಿಷಕ್ಕೆ ಬಿದ್ದು, ಒಳಗಿದ್ದ 242 ಮಂದಿಯಲ್ಲಿ 241 ಮಂದಿ, ನೆಲದ ಮೇಲಿದ್ದ 19 ಮಂದಿ, ಒಟ್ಟು 260 ಜನ ಸತ್ತರು. ಒಂದು ತಿಂಗಳಿಗೆ ಬಂದ ಪ್ರಾಥಮಿಕ ವರದಿ, ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಸುಮಾರು ಒಂದು ಸೆಕೆಂಡ್ ಅಂತರದಲ್ಲಿ ಬಂದ್ ಆಗಿದ್ದವು ಅಂತ ಹೇಳಿತು. ಯಾಕೆ ಅಂತ ಹೇಳಲಿಲ್ಲ. ಆದರೆ ಟಿವಿಯವರಿಗೆ, ವಾಟ್ಸಪ್ಪಿನವರಿಗೆ ಅಷ್ಟೇ ಸಾಕಾಯಿತು. ತನಿಖೆ ಮುಗಿಯುವ ಮೊದಲೇ, ಬಾಯಿ ಇಲ್ಲದ ಸತ್ತವರ ಮೇಲೆ ತೀರ್ಪು ಬಂದಾಗಿತ್ತು.

'ಹಾಗಾದರೆ ತಪ್ಪು ಮಾಡಿದವರಿಗೆ ಶಿಕ್ಷೆಯೇ ಬೇಡವಾ?' ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಗನನ್ನು ಕಳೆದುಕೊಂಡ ತಾಯಿಗೆ 'ನಾವು ಯಾರನ್ನೂ ದೂರುವುದಿಲ್ಲ' ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಬೇಕೆಂದೇ ನಿಯಮ ಮುರಿದವರಿಗೆ, ಗೊತ್ತಿದ್ದೂ ದುಡ್ಡು ಉಳಿಸಿದವರಿಗೆ ಕಾನೂನು ಇದೆ, ಇರಬೇಕು. ಪರಿಹಾರಕ್ಕೂ ಕೋರ್ಟು ಇದೆ. ಆದರೆ ಆ ಕೆಲಸ ಬೇರೆ, ತನಿಖೆಯ ಕೆಲಸ ಬೇರೆ. ಎರಡನ್ನೂ ಕಲಸಿದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. 'ನಾನು ಆ ನಟ್ಟು ಬಿಗಿಮಾಡಲು ಮರೆತೆ' ಅಂತ ಒಬ್ಬ ಮೆಕ್ಯಾನಿಕ್ ತಾನಾಗಿ ಬಂದು ಹೇಳುತ್ತಾನಲ್ಲ, ಆ ಧೈರ್ಯದ ಮೇಲೆ ನೂರೆಂಬತ್ತು ಜನ ಕೂತಿರುತ್ತಾರೆ.

*

ಕೊನೆಯದಾಗಿ ನಮ್ಮ ಪಾಲು. ಮಂಡಕಳ್ಳಿಯಲ್ಲಿ ಇಳಿಯುತ್ತಿದ್ದದ್ದು ಎಟಿಆರ್‌ನಂಥ ಸಣ್ಣ ವಿಮಾನಗಳೇ ಯಾಕೆ ಗೊತ್ತಾ? ಅಲ್ಲಿಯ ರನ್‌ವೇ ಕಟ್ಟಿದ್ದು 1740 ಮೀಟರ್. 'ನಮ್ಮೂರಿಗೂ ದೊಡ್ಡ ವಿಮಾನ ತನ್ನಿ' ಅಂತ ಕೇಳುವಾಗ ಮಂಗಳೂರು, ಕೋಳಿಕ್ಕೋಡು ನೆನಪಿರಲಿ. ಮೊದಲು ರನ್‌ವೇ, ಅದರ ತುದಿಯಲ್ಲಿ ತಪ್ಪಿದರೂ ನಿಲ್ಲಲು ಜಾಗ, ಆಮೇಲೆ ವಿಮಾನ. ಇನ್ನೊಂದು ವಿಷಯ, ನಿಲ್ದಾಣದ ಸುತ್ತ ಹತ್ತು ಕಿಲೋಮೀಟರ್ ಒಳಗೆ ಹಕ್ಕಿಗಳನ್ನು ಸೆಳೆಯುವ ಹಾಗೆ ಕಸ, ಮಾಂಸದ ತ್ಯಾಜ್ಯ ಎಸೆಯಬಾರದು ಅಂತ ನಿಯಮವೇ ಇದೆ. ಹದ್ದು ಎಂಜಿನ್ ಒಳಗೆ ಹೋದರೆ ಎಂಜಿನ್ ಕೆಡುತ್ತದೆ. ರಸ್ತೆ ಬದಿಗೆ ಕೋಳಿ ತ್ಯಾಜ್ಯದ ಚೀಲ ಎಸೆದು ಹೋಗುವ ನಮ್ಮವರಿಗೆ ತಾವೂ ವಿಮಾನದ ಸುರಕ್ಷತೆಯ ಒಂದು ಭಾಗ ಅಂತ ಗೊತ್ತೇ ಇರುವುದಿಲ್ಲ.

ಮೊನ್ನೆ ಮಾವನಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಮಾವ, ವಿಮಾನವನ್ನು ಕಾಯೋದು ರೆಕ್ಕೆಯಲ್ಲ, ಎಂಜಿನ್ನಲ್ಲ. ಹಿಂದೆ ಬಿದ್ದದ್ದು ಯಾಕೆ ಬಿತ್ತು ಅಂತ ಯಾರೋ ಕೂತು ನಿಜ ಬರೆದಿಟ್ಟಿದ್ದು, ಇನ್ಯಾರೋ ಅದನ್ನ ಓದಿ ಸರಿಮಾಡಿದ್ದು, ಅದೇ ಕಾಯೋದು ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ.

"ಅಂದ್ರೆ ನಮ್ಮಪ್ಪ ಬ್ಯಾರನ್‌ಗೆ ಬಲೆ ಹಾಕ್ಸಿದಂಗೆ ಅನ್ನು."

"ಹೂಂ ಮಾವ, ಹಂಗೇ."

"ಸರಿ ಬುಡು. ಓದೋರು ಸರಿಯಾಗಿ ಓದವ್ರೆ ತಾನೆ?"

ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಓದಿದ್ದಾರೆ ಅಂತ ನಂಬಿಯೇ ನಾವೆಲ್ಲಾ ಬೆಲ್ಟ್ ಕಟ್ಟಿಕೊಂಡು ಕೂರುವುದು, ಅಲ್ವಾ? ಅತ್ತೆ ಮಾವ ಮುಂದಿನ ವಾರ ಹೊರಡುತ್ತಿದ್ದಾರೆ. ಹೋಗಿ ಬರಲಿ, ಮೊಮ್ಮಗುವನ್ನು ಕಣ್ತುಂಬ ನೋಡಿ ಬರಲಿ.